ಹಾಸಾ ಕಣಿವೆಯ ನಾಲ್ಕು ಕಿಲೋಮೀಟರ್

ಮಾರ್ಚ್ 20, ಮಂಗಳವಾರ. ಬೆಳಿಗ್ಗೆ 5.50

ಎಡಗಾಲಿನ ಕಿರುಬೆರಳಿಗೆ ಟೇಪು. ಬಲ ಹಿಮ್ಮಡಿಗೆ ಟೇಪು. ಮೊಣಕಾಲಿಗೆ ಆಲಿವ್ ಎಣ್ಣೆ — ಹೆಂಡತಿ ಇನ್ಸಾಫ್ ಬಾಟಲಿಯಲ್ಲಿ ತುಂಬಿ ಕೊಟ್ಟದ್ದು. ಅದನ್ನು ರೊಟ್ಟಿಗೆಂದು ಕೊಟ್ಟಳೋ ಕಾಲಿಗೆಂದು ಕೊಟ್ಟಳೋ ಕೇಳಲಿಲ್ಲ. ಎರಡಕ್ಕೂ ಆಗುತ್ತಿದೆ. ಗಾಡಿ ಬಿಡುವ ಮುಂಚೆ ಒಂದು ಸುತ್ತು ಬಂದು ಟೈರು ಒದ್ದು ನೋಡುವುದು ಮೂವತ್ತನಾಲ್ಕು ವರ್ಷದ ಚಾಳಿ. ಈಗ ಇರುವ ಟೈರು ಎರಡೇ. ಒದೆಯುವ ಹಾಗಿಲ್ಲ.

ಮಗಳು ಅರೀಜ್ ಆಗಲೇ ಟೆಂಟ್ ಮಡಿಚಿ, ಚೀಲ ಬೆನ್ನಿಗೇರಿಸಿ ನಿಂತಿದ್ದಾಳೆ.

"ಡ್ರೈವರ್ ಸಾಹೇಬ್ರೇ, ಬಸ್ಸು ಎಷ್ಟೊತ್ತಿಗೆ ಬಿಡ್ತೀರಾ?"

ಮೂರು ದಿನದಿಂದ ಇದೇ ಜೋಕು. ಮೂರು ದಿನದಿಂದ ಅವಳೊಬ್ಬಳೇ ನಗುತ್ತಿದ್ದಾಳೆ.

ನಿನ್ನೆ: 13 ಕಿ.ಮೀ. ಒಟ್ಟು: 25. ಬಸ್ಸಿನಲ್ಲಾದರೆ ಒಂದು ಸಿಗರೇಟಿನ ದಾರಿ.

ಅದೇ ದಿನ, ಸಂಜೆ 6.15

ಓಕ್ ಮರದ ಕೆಳಗೆ. ಕಾಲು ಬಕೆಟ್ಟಿನಲ್ಲಿ. ಬಕೆಟ್ಟು ಆಡು ಕಾಯುವ ಮುದುಕಿಯದು. "ಆಡು ಕುಡಿದಾಯ್ತು, ಈಗ ನಿನ್ನ ಸರದಿ" ಎಂದು ತಂದಿಟ್ಟು ಹೋದಳು.

ಯಾಕೆ ನಡೆಯುತ್ತಿದ್ದೇನೆಂದು ಒಮ್ಮೆ ಬರೆದಿಡುತ್ತೇನೆ. ನಾಳೆ ಮೊಣಕಾಲು ಕೇಳಿದರೆ ತೋರಿಸಬಹುದು.

ಏಳು ವರ್ಷದ ಹಿಂದೆ ಮಗ ಮುಹನ್ನದನ ಮದುವೆ. ಡಾನಾದಲ್ಲಿರುವ ಅಣ್ಣ ಅವ್ವಾದನನ್ನು ಕರೆಯಲು ನಾನೇ ಹೋಗಬೇಕಿತ್ತು. ಅವನ ಮನೆಯಲ್ಲಿ ಕುಳಿತು, ಬಾಯಿಬಿಟ್ಟು ಕರೆದು ಬರಬೇಕಿತ್ತು. ಹಿರಿಯಣ್ಣ, ಇರುವವನೂ ಅವನೊಬ್ಬನೇ. ನನಗೆ ಎರಡೆರಡು ಪಾಳಿ. ದಕ್ಷಿಣಕ್ಕೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕರೆಯೋಲೆ ಕೊಟ್ಟು ಕಳಿಸಿದೆ. ಅವನು ಅದನ್ನು ಈರುಳ್ಳಿ ಮೂಟೆಯ ಮೇಲಿಟ್ಟುಕೊಂಡು ಹೋಗಿ, ಡಾನಾ ತಿರುವಿನಲ್ಲಿ ಹಾರ್ನ್ ಹೊಡೆದು ಇಳಿಸಿದನಂತೆ. ನಾನು ತಪ್ಪೆಂದು ಮಾಡಿದ್ದಲ್ಲ. ನಮ್ಮ ಬಸ್ಸಿನ ಜನಕ್ಕೆ ಬಸ್ಸಿಗಿಂತ ಭರವಸೆಯ ದಾರಿ ಇನ್ನೊಂದಿಲ್ಲ. ಔಷಧಿ, ಬೀಗದ ಕೈ, ಹಲ್ಲಿನ ಸೆಟ್ಟು — ಎಲ್ಲ ಹಾಗೇ ಕಳಿಸುತ್ತೇವೆ. ಒಮ್ಮೆ ಅತ್ತೆಯನ್ನೂ ಕಳಿಸಿದ್ದೆ, ಸರಿಯಾಗಿ ತಲುಪಿದರು.

ಅಣ್ಣ ಮದುವೆಗೆ ಬರಲಿಲ್ಲ. ಒಂದೇ ಒಂದು ಫೋನು.

"ನಾನೇನು ಪಾರ್ಸೆಲ್ಲೇನೋ? ಇನ್ನೊಂದು ಸಲ ನನ್ನನ್ನ ಕರೀಬೇಕು ಅಂದ್ರೆ ಚಕ್ರದ ಮೇಲೆ ಬರ್ಬೇಡ. ಕಾಲ ಮೇಲೆ ಬಾ."

ಅಲ್ಲಿಂದ ಮಾತಿಲ್ಲ.

ಈಗ ಅರೀಜಳ ಮದುವೆ, ಏಪ್ರಿಲ್ 27ಕ್ಕೆ. ನಮ್ಮ ಮನೆತನದಲ್ಲಿ ಹುಡುಗಿಯ ಮೇಲೆ ನಿಲುವಂಗಿ ಹೊದಿಸಿ, ಕೈ ಹಿಡಿದು ಹೊಸಲು ದಾಟಿಸುವವನು ತಂದೆಯ ಅಣ್ಣ. ಜನವರಿಯಲ್ಲೇ ಹೇಳಿಬಿಟ್ಟಳು: "ದೊಡ್ಡಪ್ಪ ಬರದೆ ನಾನು ಹೊಸಲು ದಾಟಲ್ಲ." ಸರಿ, ಕಾರು ತೊಳೆಯುತ್ತೇನೆ ಎಂದೆ. ಅವಳು ಊಟದ ಹಾಸಿನ ಮೇಲೆ ನಕ್ಷೆ ಬಿಡಿಸಿದಳು. ಉತ್ತರ ತುದಿಯ ನಮ್ಮ ಉಮ್ ಕೈಸ್‌ನಿಂದ ದಕ್ಷಿಣದ ಡಾನಾದವರೆಗೆ ಬೆಟ್ಟದ ಕಾಲುದಾರಿ. 379 ಕಿಲೋಮೀಟರ್.

"ಅದು ಸಿಟ್ಟಲ್ಲಿ ಮಾತಿಗೆ ಹೇಳಿದ್ದು ಕಣೆ!"

"ದೊಡ್ಡಪ್ಪ ಮೇಷ್ಟ್ರು ಅಪ್ಪಾ. ಮೇಷ್ಟ್ರು ಮಾತಿಗೆ ಏನೂ ಹೇಳಲ್ಲ."

ಅರವತ್ತೊಂದು ವರ್ಷ. ತೊಂಬತ್ತನಾಲ್ಕು ಕಿಲೋ. ಅಂಗಡಿಗೂ ಕಾರಿನಲ್ಲಿ ಹೋದವನು. ಇಂಥವನು ಹೂಂ ಎಂದದ್ದು ಹೇಗೆ ಎಂದು ನನಗೇ ಗೊತ್ತಿಲ್ಲ. ಅಣ್ಣನ ಧ್ವನಿ ಮರೆತು ಹೋಗುತ್ತಿದೆ ಎನ್ನಿಸಿತ್ತು ಆವತ್ತು. ಅಷ್ಟೇ ಇರಬೇಕು.

ಇಂದು: 13. ಒಟ್ಟು: 38.

ಮಾರ್ಚ್ 23, ಶುಕ್ರವಾರ. ಸಂಜೆ 5.00

ರಸೂನ್. ಇವತ್ತು ಟೆಂಟ್ ಇಲ್ಲ, ಉಮ್ ಸಖ್ರ್ ಎಂಬಾಕೆಯ ಮನೆ. ದಾರಿಯುದ್ದಕ್ಕೂ ಕೆಂಪು ಹೂವು, ಹಸಿರು ಹುಲ್ಲು. ಅರೀಜ್ ಫೋಟೋ ತೆಗೆಯುತ್ತಾಳೆ, ಆ ನೆಪದಲ್ಲಿ ನಾನು ಉಸಿರು ತೆಗೆದುಕೊಳ್ಳುತ್ತೇನೆ. "ಇನ್ನೊಂದು ತೆಗಿ, ಆ ಕಲ್ಲು ಚೆನ್ನಾಗಿದೆ" ಎನ್ನುತ್ತೇನೆ.

ಉಮ್ ಸಖ್ರ್ ಬಡಿಸಿದ್ದಕ್ಕೆ ಮಿತಿಯಿಲ್ಲ. ಕೋಳಿ, ಹುಳಿ ಹುಳಿ ಸುಮಾಕ್ ಪುಡಿ, ಗಟ್ಟಿ ಮೊಸರು, ಮತ್ತೆ ಕೋಳಿ.

"ಸಾಕಮ್ಮಾ. ಹೊಟ್ಟೆ ತುಂಬ್ತು."

"ತುಂಬಿದ್ದು ಗಂಟಲವರೆಗೆ. ಬಾಯಿ ಇನ್ನೂ ಖಾಲಿ ಇದೆಯಲ್ಲ, ಮಾತು ಬರ್ತಿದೆ!"

ಒಂದು ವಿಚಿತ್ರ. ಊಟವಾದ ಮೇಲೆ ಎಲ್ಲರಿಗೂ ಪುದೀನ ಚಹಾ. ನನಗೆ ಮಾತ್ರ ಮರಮಿಯಾ ಎಂಬ ಬೆಟ್ಟದ ಸೊಪ್ಪಿನ ಎಲೆ ಹಾಕಿದ್ದು. ಪುದೀನ ನನಗೆ ಚಿಕ್ಕಂದಿನಿಂದ ಆಗುವುದಿಲ್ಲ, ಹೊಟ್ಟೆ ಉರಿ. ಕೇಳದೆಯೇ ಕೊಟ್ಟಳು. ಹಾಸಿಗೆಗೆ ಎರಡು ದಿಂಬು. ನಾನು ಎರಡು ದಿಂಬಿಲ್ಲದೆ ಮಲಗುವವನಲ್ಲ. ಅರೀಜ್ ಹೇಳಿರಬೇಕು, ನೋಡಿದರೆ ಒರಟಿ, ಒಳಗೆ ಬೆಣ್ಣೆ.

ಒಟ್ಟು: 74.

ಮಾರ್ಚ್ 29, ಗುರುವಾರ. ಸಂಜೆ 6.40

ರುಮೈಮೀನ್. ಮೂರು ದಿನ ಮಳೆ, ಕೆಸರು. ಹೊಲದ ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಒಂದೊಂದು ಲಾರಿ. ಜಾರಿ ಬಿದ್ದದ್ದು: ನಾನು ನಾಲ್ಕು ಸಲ, ಅರೀಜ್ ಒಂದು ಸಲ. ನಾನು ಬಿದ್ದಾಗ ದಾರಿ ಸರಿಯಿಲ್ಲ ಎಂದೆ. ಅವಳು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು. ಅವಳು ಬಿದ್ದಾಗ ಅದನ್ನೇ ನಾನು ವಾಪಸ್ ಕೊಟ್ಟೆ. ಅಮ್ಮನಿಗೆ ಫೋನ್ ಮಾಡಿ ದೂರು ಹೇಳಿದಳು.

ಅವಳನ್ನು ಮದುವೆಯಾಗುವ ಹುಡುಗ ಖಲ್ದೂನ್. ದಿನಾ ಸಂಜೆ ಅವನ ಫೋನು. ಅವಳ ಯೋಗಕ್ಷೇಮ ಆದಮೇಲೆ ತಗ್ಗಿದ ದನಿಯಲ್ಲಿ, "ಮಾವ ಇದ್ದಾರಾ?" ಎನ್ನುತ್ತಾನೆ. ಎಲ್ಲಿದ್ದಾರೆ ಎಂದಲ್ಲ. ಇದ್ದಾರಾ ಎಂದು! ಒಳ್ಳೆಯ ಹುಡುಗ, ಆದರೆ ಕೇಳುವ ರೀತಿ ಕಲಿಯಬೇಕು.

ನಡೆಯುತ್ತ ಮಾತು ಅಭ್ಯಾಸ ಮಾಡುತ್ತಿದ್ದೇನೆ. ಅಣ್ಣನ ಮನೆಯಲ್ಲಿ ಕಾಫಿ ತಂದಿಡುತ್ತಾರೆ. ಮುಟ್ಟಬಾರದು. ಬಾಯಿ ಒಣಗಿ ಸತ್ತರೂ ಮುಟ್ಟಬಾರದು. ಹಿರಿಯರ ಮನೆಗೆ ಏನಾದರೂ ಬೇಡಲು ಹೋದವರು ಹಾಗೆಯೇ ಮಾಡುವುದು. "ನಿಮ್ಮ ಕಾಫಿ ಹಾಗೇ ಇರಲಿ, ಒಂದು ಕೆಲಸಕ್ಕೆ ಬಂದಿದ್ದೇವೆ" ಎನ್ನಬೇಕು. ಕೆಲಸ ಹೇಳಬೇಕು. ಮನೆಯವರು ಒಪ್ಪಿದರೆ, "ಕಾಫಿ ಕುಡಿ, ಬಂದ ಕೆಲಸ ಆಯಿತು" ಎನ್ನುತ್ತಾರೆ. ಒಪ್ಪದಿದ್ದರೆ ಕಪ್ಪು ಹಾಗೇ ತಣ್ಣಗಾಗುತ್ತದೆ, ಎದ್ದು ಬರಬೇಕು. ಬೇರೆಯವರು ಇಂಥದ್ದಕ್ಕೆ ಇಪ್ಪತ್ತು ಜನ ಗಡ್ಡದವರನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಪರವಾಗಿ ಮಾತಾಡಲು ಇರುವುದು ಎರಡು ಕಾಲು.

"ಅಣ್ಣಾ, ನಿನ್ನ ಕಾಫಿ ಹಾಗೇ ಇರಲಿ. ಉಮ್ ಕೈಸ್‌ನಿಂದ ನಿನ್ನ ಹೊಸಲವರೆಗೆ ಕಾಲ ಮೇಲೆ ಬಂದಿದ್ದೇನೆ." — ಇಲ್ಲಿಯವರೆಗೆ ಚೆನ್ನಾಗಿ ಬರುತ್ತದೆ. ಆಮೇಲಿನದನ್ನು ಗೊಣಗುತ್ತೇನೆ. ಅರೀಜ್ ದೊಡ್ಡಪ್ಪನ ಪಾತ್ರ ಮಾಡಿ, ಹುಬ್ಬು ಗಂಟಿಕ್ಕಿ "ಇನ್ನೂ ಜೋರಾಗಿ, ಕೊನೇ ಬೆಂಚಿಗೆ ಕೇಳಿಸ್ಲಿಲ್ಲ" ಎನ್ನುತ್ತಾಳೆ.

ಇಲ್ಲಿಯೂ ಮರಮಿಯಾ ಚಹಾ. ಇಲ್ಲಿಯೂ ಎರಡು ದಿಂಬು. ಅರೀಜಳನ್ನು ಕೇಳಿದೆ. ತಾನು ಹೇಳಿಲ್ಲ ಎಂದು ಆಣೆ ಇಟ್ಟಳು. ದಪ್ಪಗಿರುವವರಿಗೆ ಎರಡು ಕೊಡುತ್ತಾರೇನೋ.

ಒಟ್ಟು: 115. ಸೊಂಟದ ಬೆಲ್ಟು ಒಂದು ತೂತು ಒಳಗೆ ಹೋಗಿದೆ! ಇನ್ಸಾಫ್‌ಗೆ ಫೋಟೋ ಕಳಿಸಿದೆ. "ಯಾರಿವರು?" ಎಂದು ಉತ್ತರ ಬಂತು.

ಏಪ್ರಿಲ್ 7, ಶನಿವಾರ. ಸಂಜೆ 5.30

ಮುಜಿಬ್ ಕಣಿವೆ ದಾಟಿದೆ. ದಾಟಿದೆ. ಎರಡು ಸಲ ಬರೆದೆ, ನಂಬಿಕೆ ಬರಲಿ ಎಂದು.

ಇದೇ ಕಣಿವೆಯ ರಸ್ತೆಯಲ್ಲಿ ಸಾವಿರ ಸಲ ಬಸ್ಸು ಇಳಿಸಿ ಹತ್ತಿಸಿದ್ದೇನೆ. ತಿರುವಿನಲ್ಲಿ ಪ್ರಯಾಣಿಕರು ದೇವರ ಹೆಸರು ಹೇಳುವಾಗ ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ಇವತ್ತು ಕಾಲುದಾರಿಯಲ್ಲಿ ಇಳಿದೆ. ಇಳಿದಷ್ಟೂ ಕೆಳಗಿದೆ. ತಳದಲ್ಲಿ ಒಲೆಯೊಳಗೆ ನಿಂತ ಹಾಗೆ ಬಿಸಿ. ಆಮೇಲೆ ಏರು. ಹನ್ನೊಂದು ಗಂಟೆಗೆ ಒಂದು ಬಂಡೆಯ ನೆರಳಿನಲ್ಲಿ ಮಲಗಿಬಿಟ್ಟೆ. ಎದ್ದೇಳಲು ಆಗಲಿಲ್ಲ. ಮೊಣಕಾಲು ಕಲ್ಲಂಗಡಿ ಗಾತ್ರ.

ಅರೀಜ್ ಪಕ್ಕದಲ್ಲಿ ಕುಳಿತಳು. ಜೋಕು ಮಾಡಲಿಲ್ಲ. ಅದಕ್ಕೇ ಭಯವಾಯಿತು.

"ಅಪ್ಪಾ, ಸಾಕು. ಮೇಲೆ ರಸ್ತೆ ಇದೆ, ಕಾರು ಕರೆಸ್ತೀನಿ. ದೊಡ್ಡಪ್ಪ ಬರದಿದ್ರೆ ಬೇಡ. ನಂಗೆ ನೀನು ಇರ್ಬೇಕು."

"ಹೊಸಲು?"

"ನಾನೇ ದಾಟ್ತೀನಿ. ಕಾಲಿಲ್ವಾ ನಂಗೆ?"

ಅವಳ ಕಣ್ಣಲ್ಲಿ ನೀರು. ಆ ನೀರೇ ನನ್ನನ್ನು ಎಬ್ಬಿಸಿತು. "ಅರ್ಧ ದಾರೀಲಿ ಬಸ್ಸು ಬಿಟ್ಟು ಇಳಿದು ಹೋದ ಡ್ರೈವರ್ ಅನ್ನಿಸ್ಕೊಳ್ಳಲ್ಲ ನಾನು. ಕೈ ಕೊಡು" ಎಂದೆ. ಹತ್ತು ಹೆಜ್ಜೆ, ನಿಲ್ಲುವುದು. ಹತ್ತು ಹೆಜ್ಜೆ, ನಿಲ್ಲುವುದು. ನಾಲ್ಕೂವರೆಗೆ ಮೇಲೆ. ಅಲ್ಲಿ ನಿಂತು ಕಣಿವೆಗೆ ಹಾರ್ನ್ ಹೊಡೆದೆ — ಬಾಯಿಂದಲೇ, ದೊಡ್ಡ ಬಸ್ಸಿನ ಹಾರ್ನು. ಪ್ರತಿಧ್ವನಿ ಬಂತು. ಅರೀಜ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ.

ಇವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿಲ್ಲ. ಬರೆದುಕೊಳ್ಳಲು ನಾಚಿಕೆಯೂ ಇಲ್ಲ.

ಇಂದು: 12. ಒಟ್ಟು: 255.

ಏಪ್ರಿಲ್ 12, ಗುರುವಾರ. ಸಂಜೆ

ಹಾಸಾ ಕಣಿವೆ ದಾಟಿದ್ದಾಯಿತು. ಕಾಲು ಚೆನ್ನಾಗಿದೆ. ಊಟ ಚೆನ್ನಾಗಿತ್ತು. ಬರೆಯಲು ಏನಿಲ್ಲ.

ಇಂದು: 15. ಒಟ್ಟು:

ಏಪ್ರಿಲ್ 15, ಭಾನುವಾರ. ಮಧ್ಯಾಹ್ನ 3.20

ಬುಸೈರಾ. ನಾಳೆ ಡಾನಾ. ಮೂರು ದಿನ ಈ ಪುಸ್ತಕ ತೆರೆಯಲಿಲ್ಲ. ತೆರೆದರೆ ಆ ಖಾಲಿ ಜಾಗ ಕಾಣುತ್ತದೆ. ಯಾರೂ ಓದದ ಪುಸ್ತಕ, ಇದಕ್ಕೂ ಸುಳ್ಳು ಹೇಳಿದರೆ ಇನ್ನು ಉಳಿಯುವುದೇನು? ಬರೆದುಬಿಡುತ್ತೇನೆ.

ಗುರುವಾರ ಹಾಸಾ ಕಣಿವೆಯ ಏರು. ಅರೀಜ್, "ಅಪ್ಪಾ, ನಾನು ಕಾಲುದಾರೀಲಿ ಹತ್ತೀನಿ, ಕಡಿದು. ನೀನು ಜೀಪಿನ ಮಣ್ಣು ರಸ್ತೇಲಿ ಬಾ, ಸುತ್ತು, ಆದ್ರೆ ಮೊಣಕಾಲಿಗೆ ವಾಸಿ. ಮೇಲೆ ಬುಗ್ಗೆ ಹತ್ರ ಸಿಗೋಣ" ಎಂದಳು. ಎರಡೂ ನಡಿಗೆಯೇ, ತಪ್ಪಿಲ್ಲ. ಒಬ್ಬನೇ ಹೊರಟೆ. ಹಿಂದಿನಿಂದ ಒಂದು ಪಿಕಪ್ಪು ಬಂತು, ಟೊಮೆಟೊ ಕ್ರೇಟುಗಳು. ಎಂಜಿನ್ನಿನ ದನಿ ಕೇಳಿಯೇ ಹೇಳಿದೆ ಮನಸ್ಸಿನಲ್ಲಿ — ಎರಡನೇ ಗೇರು ಸರಿಯಿಲ್ಲ. ಪಿಕಪ್ಪು ನಿಂತಿತು.

"ಅಬು ಮುಹನ್ನದ್ ಅಲ್ವಾ ನೀವು? ದಕ್ಷಿಣದ ಬಸ್ಸು? ನಾನು ಸುವೈಲಿಮ್! ಸೈನ್ಯದಲ್ಲಿದ್ದಾಗ ವಾರ ವಾರ ನಿಮ್ಮ ಬಸ್ಸಲ್ಲೇ ಬರ್ತಿದ್ದೆ. ಹತ್ತಿ, ಹತ್ತಿ."

"ಇಲ್ಲಪ್ಪ. ನಡೀಬೇಕು ನಾನು."

ಇಲ್ಲಿಯವರೆಗೆ ನಾನು ಒಳ್ಳೆಯವನು.

"ಹೋಗ್ಲಿ ಬಿಡಿ. ಈ ಎರಡನೇ ಗೇರು ಬೀಳ್ತಾನೇ ಇಲ್ಲ, ನಿಮ್ಮಂಥೋರು ಒಂದ್ಸಲ ಕೈ ಹಾಕಿ ನೋಡಿದ್ರೆ…"

ಕೈ ಹಾಕಿ ನೋಡಲು ಒಳಗೆ ಕುಳಿತೆ. ಕ್ಲಚ್ ಒತ್ತಿದೆ. ಮೊಣಕಾಲಿನ ನೋವು ಮಾಯ! ನಿವೃತ್ತಿಯಾಗಿ ಹದಿನಾಲ್ಕು ತಿಂಗಳು, ದೊಡ್ಡ ಸ್ಟೀರಿಂಗ್ ಮುಟ್ಟಿರಲಿಲ್ಲ. ಒಂದು ತಿರುವು ಹೋಗಿ ನಿಲ್ಲಿಸೋಣ ಎಂದುಕೊಂಡೆ. ಇನ್ನೊಂದು ತಿರುವು ಬಂತು, ಅದು ಇನ್ನೂ ಚೆನ್ನಾಗಿತ್ತು. ಸವಾರಿ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ, ಗೇರು ನೋಡುತ್ತಿದ್ದೇನೆ ಎನ್ನಿಸಿತು. ಹಾಡು ಬೇರೆ ಹೇಳಿದೆ. ಬುಗ್ಗೆ ಕಂಡಾಗಲೇ ಎಚ್ಚರವಾದದ್ದು. ಮೀಟರ್ ನೋಡಿದೆ. ಸರಿಯಾಗಿ ನಾಲ್ಕು ಕಿಲೋಮೀಟರ್.

ಅಲ್ಲಿಂದ ವಾಪಸ್ ಇಳಿದು ನಡೆಯಬೇಕಿತ್ತು. ಇಳಿಯಲಿಲ್ಲ. ಸುವೈಲಿಮ್ ಹೋದಮೇಲೆ ಅರೀಜ್ ಬರುವಷ್ಟರಲ್ಲಿ ಬಾಟಲಿ ನೀರು ತಲೆಗೆ, ಅಂಗಿಗೆ ಸುರಿದುಕೊಂಡು ಏದುಸಿರು ಬಿಡುತ್ತ ಕುಳಿತೆ. ಅವಳು ಬಂದಳು, ನೋಡಿದಳು, ತಬ್ಬಿಕೊಂಡಳು.

"ನನಗಿಂತ ಮೊದಲು! ಅಪ್ಪಾ, ನೀನು ಕುದುರೆ!"

ಕತ್ತೆ ಎಂದಿದ್ದರೆ ಸರಿಯಾಗುತ್ತಿತ್ತು.

ಮುಜಿಬ್‌ನಲ್ಲಿ ಸಾಯುವಂತಿದ್ದಾಗಲೂ ಗಾಡಿ ಹತ್ತಲಿಲ್ಲ. ಇಲ್ಲಿ ಗೇರು ತೋರಿಸಿದ ಕೂಡಲೇ ಹತ್ತಿದೆ. ಅಪಾಯ ನೋವಿನಿಂದಲ್ಲ, ಹಳೇ ಚಾಳಿಯಿಂದ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. 379ರಲ್ಲಿ ನಾಲ್ಕು. ಚಹಾಕ್ಕೆ ಹಾಕುವ ಸಕ್ಕರೆಯಷ್ಟೂ ಅಲ್ಲ. ಮೂರು ದಿನ ಇದನ್ನೇ ಹೇಳಿಕೊಂಡೆ. ನಿನ್ನೆ ದಾರಿಯಲ್ಲಿ ಯಾವುದೋ ಪಿಕಪ್ಪು ಹಾರ್ನ್ ಹೊಡೆದರೆ ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಕಥೆ.

ಸಂಜೆ 6.50

ಈ ಮನೆಯ ಉಮ್ ರಾಕಾನ್ ಈಗ ಚಹಾ ತಂದಳು. ಮರಮಿಯಾ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ — ನನಗೆ ಪುದೀನ ಆಗಲ್ಲ ಅಂತ ನಿಮಗ್ಯಾರು ಹೇಳಿದ್ದು?

"ಅಯ್ಯೋ, ಹೇಳ್ಬಾರದು ಅಂದಿದ್ರು…" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. "ಡಾನಾದ ಅವ್ವಾದ್ ಮೇಷ್ಟ್ರು. ನಮ್ಮ ಯಜಮಾನ್ರಿಗೆ ಪಾಠ ಹೇಳಿದೋರು. ಬೆಳಿಗ್ಗೆ ಫೋನ್ ಮಾಡಿದ್ರು. ಪುದೀನ ಹಾಕ್ಬೇಡಿ, ಎರಡು ದಿಂಬು ಕೊಡಿ, ಮೊಣಕಾಲಿಗೆ ಬಿಸಿನೀರು ಕೊಡಿ ಅಂತ. ನಿಮ್ಮ ದಾರೀಲಿರೋ ಎಲ್ಲಾ ಮನೆಗೂ ಮಾಡ್ತಾ ಬಂದಿದ್ದಾರಂತೆ, ರಸೂನಿಂದ ಹಿಡಿದು. ನಿಮ್ಮ ಮನೆಯವರೂ ಅವರ ಮನೆಯವರೂ ಫೋನಲ್ಲೇ ಇರ್ತಾರಲ್ಲ, ಎಲ್ಲಾ ಗೊತ್ತಾಗತ್ತೆ."

ಇನ್ಸಾಫ್! ಗಂಡಸರು ಏಳು ವರ್ಷ ಮೂತಿ ತಿರುವಿಕೊಂಡಿದ್ದರೆ ಹೆಂಗಸರು ಒಂದು ವಾರವೂ ಮಾತು ಬಿಟ್ಟಿಲ್ಲ.

"ನೀವು ತಲುಪಿದ್ಮೇಲೆ ಮತ್ತೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತಾರೆ. 'ನಡೆದೇ ಬಂದನಾ?' ಅಂತ. ಹೂಂ ಮೇಷ್ಟ್ರೇ ಅಂದ್ರೆ ಸುಮ್ನಾಗ್ತಾರೆ. ನಮ್ಮ ಯಜಮಾನ್ರು ಹೇಳ್ತಾರೆ, ಮೇಷ್ಟ್ರು ಅಳ್ತಿದ್ರು ಅಂತ. ನಾನು ನಂಬಲ್ಲ."

ಅಂಗಳಕ್ಕೆ ಬಂದು ಕುಳಿತೆ. ಅತ್ತುಬಿಟ್ಟೆ. ಅಳು ಎಂದರೆ ಚಿಕ್ಕ ಮಕ್ಕಳ ಹಾಗೆ. ಎಷ್ಟು ದೂರದಿಂದ ನನ್ನ ದಿಂಬು ನೋಡಿಕೊಂಡು ಬಂದಿದ್ದಾನೆ! ಅಂಥವನ ಮುಂದೆ ನಾಳೆ "ಕಾಲ ಮೇಲೆ ಬಂದೆ" ಎನ್ನಬೇಕು.

ಅರೀಜಳಿಗೆ ಏನು ಹೇಳಲಿ? ಅವಳ ಹೊಸಲು, ಅವಳ ನಿಲುವಂಗಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸಲೀಸು.

ಏಪ್ರಿಲ್ 16, ಸೋಮವಾರ. ಸಂಜೆ 7.10

ಡಾನಾ. ಅಣ್ಣನ ಮನೆಯ ಮಾಳಿಗೆ. ಇವತ್ತು ಅಕ್ಷರ ಕೋಳಿಕಾಲು.

ನಾಲ್ಕು ಗಂಟೆಗೆ ತಲುಪಿದೆವು. ಅಣ್ಣ ಬಾಗಿಲಲ್ಲಿ ನಿಂತಿದ್ದ. ತೆಳ್ಳಗೆ, ನೆಟ್ಟಗೆ. ಮೀಸೆ ಪೂರ್ತಿ ಬಿಳಿ. ತಬ್ಬಿಕೊಳ್ಳಲಿಲ್ಲ, ಕೈ ಮಾತ್ರ ಕೊಟ್ಟ. ಅರೀಜಳ ಹಣೆಗೆ ಮುತ್ತಿಟ್ಟ. ನನ್ನ ಬೂಟು ನೋಡಿದ. ಬಹಳ ಹೊತ್ತು ನೋಡಿದ.

ಕೂರಿಸಿದ. ತಾನೇ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟ. ಏಲಕ್ಕಿ ವಾಸನೆ. ನಾಲಗೆ ಚರ್ಮದ ಹಾಗೆ ಒಣಗಿತ್ತು. ಮುಟ್ಟಲಿಲ್ಲ.

"ಅಣ್ಣಾ, ನಿನ್ನ ಕಾಫಿ ಹಾಗೇ ಇರಲಿ. ಒಂದು ಕೆಲಸಕ್ಕೆ ಬಂದಿದ್ದೀನಿ."

"ಹೇಳಿ, ಅಬು ಮುಹನ್ನದ್."

ಮಿಫ್ಲಿಹ್ ಎಂದು ಹೆಸರು ಹಿಡಿಯಲಿಲ್ಲ, ಮುಹನ್ನದನ ಅಪ್ಪ ಎಂದು ಪರರು ಕರೆಯುವ ಹಾಗೆ ಕರೆದ. ಆದರೆ ಕಣ್ಣು ಬೇರೆಯಿತ್ತು. ಅರೀಜ್ ತುಟಿಯಲ್ಲೇ ನನ್ನ ಮಾತು ಒಪ್ಪಿಸುತ್ತಿದ್ದಳು, ಮಗುವಿನ ಪದ್ಯಕ್ಕೆ ತಾಯಿ ಬಾಯಾಡಿಸುವ ಹಾಗೆ. ಉಮ್ ಕೈಸ್‌ನಿಂದ ನಿನ್ನ ಹೊಸಲವರೆಗೆ…

"ಉಮ್ ಕೈಸ್‌ನಿಂದ ನಿನ್ನ ಹೊಸಲವರೆಗೆ ಮುನ್ನೂರ ಎಪ್ಪತ್ತೊಂಬತ್ತು ಕಿಲೋಮೀಟರ್. ಅದರಲ್ಲಿ ಮುನ್ನೂರ ಎಪ್ಪತ್ತೈದು ಕಾಲ ಮೇಲೆ ಬಂದೆ. ಹಾಸಾ ಕಣಿವೇಲಿ ನಾಲ್ಕು ಕಿಲೋಮೀಟರ್ ಪಿಕಪ್ಪಲ್ಲಿ ಬಂದೆ ಅಣ್ಣಾ."

ಹೇಗೆ ಬಂತೋ ಗೊತ್ತಿಲ್ಲ, ಬಂದೇಬಿಟ್ಟಿತು. ಅರೀಜಳ ತುಟಿ ನಿಂತಿತು. ಅತ್ತಿಗೆ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಳು.

"ಅಂದ್ರೆ…" ಅರೀಜ್ ಎಂದಳು, "ಆವತ್ತಿನ ಬೆವರು?"

"ಬಾಟಲಿ ನೀರು."

ಅಣ್ಣ ಮತ್ತೆ ನನ್ನ ಬೂಟು ನೋಡಿದ. ಶಾಲೆಯಲ್ಲಿ ಹುಡುಗರು ಹೆದರುತ್ತಿದ್ದ ನೋಟ. ಕೊನೆಗೆ ಕೇಳಿದ:

"ಕಾಲು ನೋವಿತ್ತಾ?"

"ಇತ್ತು, ಅದಕ್ಕಲ್ಲ. ನಾನೇ ಓಡಿಸ್ದೆ. ಅವನ ಎರಡನೇ ಗೇರು ಬೀಳ್ತಿರಲಿಲ್ಲ. ನೋಡ್ತೀನಿ ಅಂತ ಕೂತೆ."

"ಬಿತ್ತಾ?"

"ಯಾವ್ದು?"

"ಗೇರು."

"ಕ್ಲಚ್ ಅರ್ಧ ಬಿಟ್ಟು ಹಾಕಿದ್ರೆ ಬೀಳುತ್ತೆ."

ಮೀಸೆ ಒಂದು ಕಡೆ ಅಲುಗಿದ ಹಾಗಾಯಿತು. ನಗುವೋ ಸಿಟ್ಟೋ. ಕಪ್ಪಿನ ಮೇಲೆ ತಟ್ಟೆ ಮುಚ್ಚಿದ.

"ಈ ಕಾಫಿ ತಣ್ಣಗಾಗ್ಲಿ. ಲೆಕ್ಕ ಪೂರ್ತಿ ಆಗಿಲ್ಲ. ಊಟ ಮಾಡು, ಮಲಗು. ಬೆಳಿಗ್ಗೆ ಹಾಸಾ."

ಬೇಡ ಎಂದನೋ, ಆಮೇಲೆ ನೋಡೋಣ ಎಂದನೋ ತಿಳಿಯಲಿಲ್ಲ. ಅರೀಜ್ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ. ಈಗ ಮಾಳಿಗೆಗೆ ಬಂದು ದಿಂಬು ಎಸೆದು ಹೋದಳು. ಎರಡು ದಿಂಬು. ಮೆಟ್ಟಿಲಲ್ಲಿ ನಿಂತು, "ನೀನು ಹೇಳ್ದೇ ಇದ್ದಿದ್ರೆ ನಾನು ನಿನ್ನ ಕುದುರೆ ಅಂತಲೇ ಅಂದ್ಕೊಂಡಿರ್ತಿದ್ದೆ" ಎಂದಳು. ಎರಡು ಮೆಟ್ಟಿಲು ಇಳಿದು, "ಹೇಳಿದ್ದು ಒಳ್ಳೇದಾಯ್ತು" ಎಂದಳು. ಕೆಳಗೆ ಹೋಗಿ ಖಲ್ದೂನ್ ಜೊತೆ ಬಾಟಲಿ ನೀರಿನ ಕಥೆ ಹೇಳಿ ಕಿಸಕಿಸ ನಗುತ್ತಿದ್ದಾಳೆ. ಹಾಳಾಗಿ ಹೋಗಲಿ, ನಗಲಿ.

ಏಪ್ರಿಲ್ 17, ಮಂಗಳವಾರ. ಬೆಳಿಗ್ಗೆ 10.35

ಹಾಸಾ ಕಣಿವೆ, ಬುಗ್ಗೆಯ ಹತ್ತಿರ.

ಬೆಳಿಗ್ಗೆ ಬಾಗಿಲು ತೆರೆದರೆ ಅಣ್ಣ ತನ್ನ ಹಳೇ ಕಾರಿನ ಪಕ್ಕ ನಿಂತಿದ್ದ. ಕಾಲಲ್ಲಿ ಬೂಟು, ಕೈಯಲ್ಲಿ ಕೋಲು, ಹೆಗಲಿಗೆ ಚೀಲ. ನನ್ನನ್ನು ಬಿಟ್ಟು ಬರಲು ಎಂದುಕೊಂಡೆ. ಸ್ಟೀರಿಂಗ್ ಮುಟ್ಟಲು ಬಿಡಲಿಲ್ಲ. "ನೀನು ಹಿಂದೆ ಕೂತ್ಕೋ. ಗೇರು ಕಣ್ಣಿಗೆ ಬೀಳ್ಬಾರದು." ಅರೀಜ್ ಮುಂದಿನ ಸೀಟು. ಸುವೈಲಿಮ್ ನನ್ನನ್ನು ಹತ್ತಿಸಿಕೊಂಡ ತಿರುವಿನಲ್ಲಿ ಕಾರು ನಿಲ್ಲಿಸಿದ. ಕೀಲಿ ಅರೀಜಳಿಗೆ ಕೊಟ್ಟು, "ನೀನು ಬುಗ್ಗೆ ಹತ್ರ ಹೋಗಿರು" ಎಂದ. ತಾನು ಇಳಿದ. ಕೋಲು ಊರಿ ಹೊರಟೇಬಿಟ್ಟ, ಹಿಂದೆ ನೋಡದೆ.

ಆಗಲೂ ಅರ್ಥವಾಗಲಿಲ್ಲ ನನಗೆ.

"ಏನು ನೋಡ್ತೀಯೋ? ನಡಿ. ನಿನ್ನೊಬ್ಬನ್ನೇ ಬಿಟ್ರೆ ಇನ್ನೊಂದು ಪಿಕಪ್ ಬರತ್ತೆ."

ಅರವತ್ತಾರು ವರ್ಷ, ಆಡಿನ ಹಾಗೆ ಹತ್ತುತ್ತಾನೆ. ಮೊದಲ ಕಿಲೋಮೀಟರ್ ಅವನ ಬೆನ್ನು ನೋಡುತ್ತ ಹತ್ತಿದೆ. ಎರಡನೆಯದರಲ್ಲಿ ಬೈದ — ನನ್ನ ಹೊಟ್ಟೆ, ನನ್ನ ನಡಿಗೆ, ಚಿಕ್ಕಂದಿನಲ್ಲಿ ಅವನ ಸೈಕಲ್ ಹಳ್ಳಕ್ಕೆ ಹಾಕಿದ್ದು. ಬೈಯಲಿ ಎಂದುಕೊಂಡೆ. ಏಳು ವರ್ಷದ ಬಾಕಿ ಬೈಗುಳ, ಕೇಳಲು ಎಷ್ಟು ಹಿತ! ಅವನ ಧ್ವನಿ ಮರೆತಿರಲಿಲ್ಲ ನಾನು. ಸುಮ್ಮನೆ ಹೆದರಿದ್ದೆ.

ಮೂರನೆಯದರಲ್ಲಿ ಒಂದು ಬಂಡೆಯ ಮೇಲೆ ಕುಳಿತ. ದಣಿವಿಗಲ್ಲ. ಕಣಿವೆ ನೋಡುತ್ತ ಹೇಳಿದ:

"ಮುಹನ್ನದನ ಮದುವೆಗೆ ನಾನು ಬಂದಿದ್ದೆ."

"ಏನಂದೆ?"

"ಬಸ್ಸಲ್ಲಿ ಬಂದೆ. ಇರ್ಬಿದ್‌ವರೆಗೆ. ಮದುವೆ ಹಾಲ್ ಎದುರಿಗೆ ಚಹಾದಂಗಡಿ ಇತ್ತಲ್ಲ, ಅಲ್ಲಿ ಕೂತಿದ್ದೆ. ಹಾಡು ಕೇಳಿಸ್ತು. ನೀನು ಕುಣಿದಿದ್ದು ಕಿಟಕೀಲಿ ಕಾಣಿಸ್ತು. ಕೆಟ್ಟದಾಗಿ ಕುಣಿದೆ. ಆರು ಚಹಾ ಕುಡಿದೆ. ಯಾರಾದ್ರೂ ಹೊರಗೆ ಬಂದು ನೋಡ್ತಾರೆ, ಒಳಗೆ ಕರೀತಾರೆ ಅಂದ್ಕೊಂಡೆ. ಕೊನೇ ಬಸ್ಸಿಗೆ ವಾಪಸ್ ಹೋದೆ."

ರಸ್ತೆಯ ಇನ್ನೊಂದು ಬದಿ. ಇಪ್ಪತ್ತು ಹೆಜ್ಜೆ. ನಾನು 379 ನಡೆದೆ, ಆವತ್ತು ಆ ಇಪ್ಪತ್ತು ನಡೆದಿದ್ದರೆ ಸಾಕಿತ್ತು. ಅವನೂ ನಡೆಯಬಹುದಿತ್ತು. ಇಬ್ಬರೂ ಅಪ್ಪನ ಮಕ್ಕಳೇ, ಹಟದಲ್ಲಿ ಒಂದೇ ಅಚ್ಚು.

"ಅಣ್ಣಾ," ಎಂದೆ, "ಆವತ್ತು ಬಸ್ಸು ಓಡಿಸ್ತಿದ್ದೋನು ಯಾರು?"

"ಯಾರೋ. ನಿನಗಿಂತ ಚೆನ್ನಾಗಿ ಓಡಿಸ್ದ."

ಇಬ್ಬರೂ ನಕ್ಕೆವು. ಅವನ ಕಣ್ಣು ಒದ್ದೆ, ನನ್ನದೂ. ಅದು ಬಾಟಲಿ ನೀರಲ್ಲ. ಎದ್ದು ಕೊನೆಯ ಕಿಲೋಮೀಟರ್ ಒಟ್ಟಿಗೆ ನಡೆದೆವು. ಕಡಿದಾದ ಕಡೆ ಅವನೇ ಕೈ ಕೊಟ್ಟ.

ಈಗ ಬುಗ್ಗೆ. ಅರೀಜ್ ಕಾರಿನ ಬಾನೆಟ್ ಮೇಲೆ ಕುಳಿತಿದ್ದಾಳೆ, ನಮ್ಮನ್ನು ನೋಡಿ ಚಪ್ಪಾಳೆ ತಟ್ಟಿದಳು. ಈಗ ಅವಳೂ ಕಾಯುತ್ತಿದ್ದಾಳೆ. ಅಣ್ಣ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಚೀಲದಿಂದ ಕಾಫಿ ಪಾತ್ರೆ ತೆಗೆದ. ಕಡ್ಡಿ ಕೂಡಿಸಿ ಬೆಂಕಿ ಮಾಡಿದ. ಏಲಕ್ಕಿಯನ್ನು ಕಲ್ಲಲ್ಲಿ ಜಜ್ಜುತ್ತಿದ್ದಾನೆ. ಸಹಾಯಕ್ಕೆ ಹೋದರೆ "ಕೂತ್ಕೋ ಅಲ್ಲಿ" ಎಂದ. ಕೂತೆ. ಕೈಗೆ ಬೇರೆ ಕೆಲಸವಿಲ್ಲ, ಇದನ್ನು ಬರೆಯುತ್ತಿದ್ದೇನೆ.

ಇಂದು: 4. ಒಟ್ಟು: 379. ಪೂರ್ತಿ.

ಕುದಿ ಬಂತು. ಇಳಿಸಿದ. ಮತ್ತೆ ಇಟ್ಟ. ಮೇಷ್ಟ್ರ ಕಾಫಿಗೂ ಪಾಠದ ಹಾಗೆ ಆತುರವಿಲ್ಲ. ನಿನ್ನೆಯದೇ ಕಪ್ಪು, ಅದೇ ನೀಲಿ ಅಂಚು. ಅಂಗಿಯ ತುದಿಯಲ್ಲಿ ಒರೆಸಿದ. ಬಗ್ಗಿಸಿದ. ತಂದು ನನ್ನ ಮುಂದೆ ಕಲ್ಲಿನ ಮೇಲಿಟ್ಟ. ಮುಟ್ಟುವುದಿಲ್ಲ ನಾನು. ಎದುರಿಗೇ ನಿಂತಿದ್ದಾನೆ, ಸೊಂಟದ ಮೇಲೆ ಕೈ. ಅರೀಜ್ ಬಾನೆಟ್ಟಿನಿಂದ ಇಳಿದಳು. ಬೈಯುತ್ತಿದ್ದಾನೆ — ಲೋ ಮಿಫ್ಲಿಹ್, ಬರ್ದಿದ್ದು ಸಾಕು ಮುಚ್ಚೋ ಪುಸ್ತಕ, ತಣ್ಣಗಾಗತ್ತೆ, ಕುಡಿ, ಬಂದ ಕೆಲಸ